ಜೀಪು ಹೋದಮೇಲೆ ಮತ್ತೆ ಹಾಜರ್!

ಪ್ರಶ್ನೆ: ನಮ್ಮದು ಕಾರವಾರದ ಕೋಡಿಬಾಗ. ಓಣಿ ನದಿ ಕಡೆ ತಿರುಗುವಲ್ಲಿ ಲೈಟು ಕೆಟ್ಟು ಎರಡು ತಿಂಗಳಾಯಿತು. ಕತ್ತಲಾದರೆ ನಾಲ್ಕೈದು ಬೈಕು ಬಂದು ನಿಲ್ಲುತ್ತವೆ. ಕುಡಿತ, ಕೂಗಾಟ. ನಸುಕಿನಲ್ಲಿ ಮೀನಿಗೆ ಹೋಗುವ ನಮ್ಮ ಅತ್ತೆಯ ಕಾಲಿಗೆ ಬಾಟಲಿ ಚೂರು ಹೊಕ್ಕಿತ್ತು. ಎರಡು ಸಲ ಪೊಲೀಸರಿಗೆ ಫೋನ್ ಮಾಡಿದೆವು. ಜೀಪು ಬಂದಾಗ ಓಡುತ್ತಾರೆ, ಹೋದ ಅರ್ಧ ಗಂಟೆಗೆ ಮತ್ತೆ ಹಾಜರ್. ಈಗ ಓಣಿಯ ಹುಡುಗರು ‘ನಾವೇ ನೋಡ್ಕೊಳ್ತೇವೆ’ ಅಂತಿದ್ದಾರೆ. ಹೆಸರು ಹಾಕಿ ದೂರು ಕೊಡಲು ಯಾರಿಗೂ ಧೈರ್ಯವಿಲ್ಲ. ಏನು ಮಾಡೋಣ?

ಉತ್ತರ: ಮೊದಲು ಆ ಹುಡುಗರನ್ನು ತಡೆಯಿರಿ ಮಾರಾಯ್ರೆ. ದೊಣ್ಣೆ ಹಿಡಿದು ಹೋದರೆ ಕೇಸು ಬೀಳುವುದು ನಿಮ್ಮವರ ಮೇಲೇ. ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವುದೂ ಬೇಡ. ಅವರಲ್ಲೊಬ್ಬ ಪಕ್ಕದ ಕೇರಿಯ ಯಾರದೋ ಅಳಿಯನಾಗಿದ್ದರೆ ಕುಡಿತದ ಮಾತು ಹೋಗಿ ಕೇರಿ ಕೇರಿಯ ಜಗಳ ಆಗುತ್ತದೆ.

ಫೋನ್ ಮಾಡಿದ್ದು ತಪ್ಪಲ್ಲ. ಹೊಡೆದಾಟ, ಹೆಂಗಸರಿಗೆ ಕಾಟ ಅಂದರೆ 112ಕ್ಕೇ ಮಾಡಬೇಕು. ಆದರೆ ಜೀಪಿನವರ ಕೆಲಸ ಆ ಹೊತ್ತಿನ ಗಲಾಟೆ ನಿಲ್ಲಿಸೋದು. ದಿನಾ ನಡೆಯುವುದಕ್ಕೆ ಬೀಟ್ ಪೊಲೀಸ್ ಇದ್ದಾರೆ, ಅಂದರೆ ನಿಮ್ಮ ಓಣಿ, ಕೇರಿಯ ಗಸ್ತು ನೋಡಿಕೊಳ್ಳುವವರು. 2017ರಲ್ಲಿ ನಮ್ಮ ರಾಜ್ಯದಲ್ಲಿ ಬೀಟ್ ವ್ಯವಸ್ಥೆ ಬದಲಾಯಿತು. ಒಂದೊಂದು ಬೀಟನ್ನು ಒಬ್ಬ ಕಾನ್‌ಸ್ಟೆಬಲ್‌ಗೋ ಹೆಡ್ ಕಾನ್‌ಸ್ಟೆಬಲ್‌ಗೋ ವಹಿಸಿ, ಊರವರನ್ನೇ ಬೀಟ್ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಏರ್ಪಾಡು ಅದು. 2025ರಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಕೂಡ ಇದೇ ದಾರಿಯದು, ಅವರೇ ಮನೆಗೆ ಬಂದು ತೊಂದರೆ ಕೇಳುವುದು. ಕಾಗದದ ಮೇಲೆ ಚೆಂದ ಇದೆ. ಬಂದೋಬಸ್ತಿಗೆ ಎಳೆದುಕೊಂಡು ಹೋದರೆ ಬೀಟಿನವರು ವಾರಗಟ್ಟಲೆ ಕಾಣೋದಿಲ್ಲ ಅನ್ನೋದೂ ನಿಜ. ಅದಕ್ಕೇ ಕಾಯಬೇಡಿ, ನಾಲ್ಕು ಮನೆಯವರು ಒಟ್ಟಿಗೆ ಠಾಣೆಗೆ ಹೋಗಿ ಅವರ ಹೆಸರು, ನಂಬರ್ ಕೇಳಿ ತನ್ನಿ.

ಹೋಗುವಾಗ ‘ಕುಡುಕರ ಕಾಟ ಜಾಸ್ತಿ’ ಅಂತಷ್ಟೇ ಹೇಳಬೇಡಿ. ಒಂದು ವಾರ ಬರೆದಿಡಿ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಬೈಕು. ನಮ್ಮ ಶಿರಸಿ ಓಣಿಯಲ್ಲಿ ಬೈಕಿನ ಪೆಟ್ರೋಲ್ ಕದಿಯುತ್ತಿದ್ದರು. ‘ದಿನಾ ಕದೀತಾರೆ’ ಅಂತ ಎಲ್ಲರದ್ದೂ ಒಂದೇ ರಾಗ. ಪಕ್ಕದ ಮನೆ ಅಕ್ಕ ಹಳೇ ಕ್ಯಾಲೆಂಡರ್ ಮೇಲೆ ಸುಮ್ನೆ ಸುಣ್ಣದ ಬೆರಳಲ್ಲಿ ಗುರುತು ಹಾಕುತ್ತಾ ಹೋದರು, ತಿಂಗಳು ಕಳೆದು ನೋಡಿದರೆ ಎಲ್ಲ ಗುರುತೂ ಸಂತೆಯ ಹಿಂದಿನ ರಾತ್ರಿಗೇ ಬಿದ್ದಿತ್ತು! ಕ್ಯಾಲೆಂಡರನ್ನೇ ಸುತ್ತಿ ಠಾಣೆಗೆ ಒಯ್ದೆವು. ಬೀಟಿನವರು ಎರಡು ಸಂತೆಯ ಹಿಂದಿನ ರಾತ್ರಿ ನಮ್ಮ ಜಗಲಿಯಲ್ಲಿ ಕೂತರು, ಅಷ್ಟೇ ಬೇಕಾಗಿದ್ದು.

ಇನ್ನು ಆ ಲೈಟು. ನನ್ನ ಕೇಳಿದರೆ ಅರ್ಧ ರೋಗ ಅದೇ. ಅದು ನಗರಸಭೆ ಕೆಲಸ. ಕಂಬದ ನಂಬರ್ ಬರೆದು ಅರ್ಜಿ ಕೊಡಿ, ಸೀಲು ಹಾಕಿಸಿಕೊಳ್ಳಿ, ನಕಲನ್ನು ಬೀಟಿನವರ ಕೈಗೂ ಕೊಡಿ. ಠಾಣೆಯಿಂದ ಒಂದು ಫೋನ್ ಹೋದರೆ ಏಣಿ ಬೇಗ ಬರುತ್ತದೆ. ಬಾಟಲಿ ಮೇಲೆ ಗೋವಾ ಲೇಬಲ್ ಇದ್ದರೆ ಎಸೆಯುವ ಮೊದಲು ತೋರಿಸಿ. ಯಾರೋ ಗೋವಾ ಗಡಿಯ ಮಾಜಾಳಿ ದಾಟಿಸಿ ತಂದು ಮಾರುತ್ತಿದ್ದರೆ ಅಬಕಾರಿಯವರಿಗೂ ಕೆಲಸ ಇದೆ.

ಹೆಸರಿನ ಭಯಕ್ಕೆ ಒಂದು ಉಪಾಯ. ಅರ್ಜಿಯ ಕೆಳಗೆ ಸಾಲಾಗಿ ಸಹಿ ಹಾಕಬೇಡಿ, ಗುಂಡಗೆ ಹಾಕಿ. ಮೊದಲು ಹಾಕಿದ್ದು ಯಾರು ಅಂತ ಯಾರಿಗೂ ತಿಳಿಯದು.

ಪ್ರಶ್ನೆ: ಪಕ್ಕದವರ ಮನೆ ಮದುವೆ. ರಾತ್ರಿ ಅಂಗಳದಲ್ಲಿ ಡಿಜೆ ಇದೆಯಂತೆ. ದೂರು ಕೊಟ್ಟರೆ ಸಂಬಂಧ ಕೆಡುತ್ತದೆ ಅಲ್ವಾ? (ಕುಮಟಾ)

ಉತ್ತರ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಇದು 2000ನೇ ಇಸವಿಯ ನಿಯಮ. ಹಬ್ಬ, ಉತ್ಸವಕ್ಕೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಬಿಡಬಹುದು, ಆದರೆ ಮದುವೆ ಮನೆಯ ಡಿಜೆ ಆ ಲೆಕ್ಕಕ್ಕೆ ಬರುವುದಿಲ್ಲ. ದೂರು ಆಮೇಲೆ. ಚಪ್ಪರ ಹಾಕುವ ದಿನವೇ ಹೋಗಿ, ಕೈಗೊಂದು ಕೆಲಸ ಹಿಡಿದು, ‘ಹತ್ತಕ್ಕೆ ನಿಲ್ಲಿಸ್ತೀರಲ್ಲ?’ ಅಂತ ಕೇಳಿಬಿಡಿ. ಕೇಳದಿದ್ದರೆ 112 ಇದ್ದೇ ಇದೆ. ಯಕ್ಷಗಾನದ ಚಂಡೆ ಬಗ್ಗೆ ಮಾತ್ರ ನನ್ನ ಕೇಳಬೇಡಿ, ನಾನು ಪಕ್ಷಪಾತಿ.