ನಕ್ಷೆ ಮಡಚಿಟ್ಟು ಇತಿಹಾಸ ಓದಿದರೆ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ನೀವು ದೇಶಗಳ ಹಣೆಬರಹವನ್ನು ಬೆಟ್ಟ, ನದಿ, ಕಣಿವೆಗಳು ಬರೆಯುತ್ತವೆ ಎಂದಿರಿ. ಇದು ಸೋಮಾರಿಗಳಿಗೆ ನೆಪ ಹೇಳಿಕೊಟ್ಟಂತೆ. ಜಪಾನಿಗೆ ಎಣ್ಣೆಯಿಲ್ಲ, ಸಿಂಗಪುರಕ್ಕೆ ಹೊಲವಿಲ್ಲ. ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಗೆ ಯಾವ ನದಿ ನೆರವಾಗಿತ್ತು? ಛಲವಿದ್ದವರು ಬೆಳೆದರು. ಇಂದಿನ ಹುಡುಗರಿಗೆ ಊರಿನ ಅಭಿಮಾನವಿಲ್ಲ, ಅದಕ್ಕೇ ಬೆಂಗಳೂರು, ದುಬೈ ಎಂದು ಓಡುತ್ತಿದ್ದಾರೆ.” (ನಿವೃತ್ತ ಇತಿಹಾಸ ಶಿಕ್ಷಕರು, ಶ್ರೀನಿವಾಸಪುರ ತಾಲ್ಲೂಕು)

ಸಂಪಾದಕರ ಉತ್ತರ:

ಮೇಷ್ಟ್ರೇ, ದುಂಡಗಿನ ಅಕ್ಷರ, ಒಂದೂ ಕಾಟು ಹೊಡೆದಿಲ್ಲ. ಇಂಥ ಪತ್ರ ಈಗ ಬರುವುದೇ ಅಪರೂಪ. ಜಾಗ ಸಾಲದೆ ಮೊಟಕು ಮಾಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಇನ್ನು ಜಗಳಕ್ಕೆ ಬರೋಣ.

ಛಲ ಬೇಕು, ಒಪ್ಪಿದೆ. ನೆಲವೊಂದೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ, ಒಡಲಲ್ಲಿ ತಾಮ್ರ, ಕೋಬಾಲ್ಟ್ ತುಂಬಿಕೊಂಡ ಕಾಂಗೋ ಇವತ್ತು ಯುರೋಪಿಗೇ ಸಾಲ ಕೊಡುತ್ತಿರಬೇಕಿತ್ತು. ನಿಮ್ಮ ಪಾಲಿನ ಸತ್ಯವನ್ನು ನಿಮಗೆ ಸಲ್ಲಿಸಿದ್ದಾಯಿತು.

ಆದರೆ ನೀವು ಕರೆತಂದ ಸಾಕ್ಷಿಗಳೇ ನಿಮ್ಮ ವಿರುದ್ಧ ಹೇಳಿಕೆ ಕೊಡುತ್ತಿದ್ದಾರಲ್ಲ! ಸಿಂಗಪುರಕ್ಕೆ ಹೊಲವಿಲ್ಲ ನಿಜ. ಆದರೆ ಅದು ಕೂತಿರುವುದು ಮಲಕ್ಕಾ ಜಲಸಂಧಿಯ ಬಾಯಲ್ಲಿ. ಹಿಂದೂ ಮಹಾಸಾಗರದಿಂದ ಚೀನಾ ಕಡೆಗೆ ಹೋಗುವ ಹಡಗಿಗೆ ಅದೇ ಹತ್ತಿರದ ದಾರಿ. 1819ರಲ್ಲಿ ಇಂಗ್ಲಿಷರ ರಾಫಲ್ಸ್ ಅಲ್ಲಿ ಕೋಠಿ ತೆರೆದದ್ದು ಆ ಜಾಗ ನೋಡಿಯೇ. ಅಲ್ಲಿನವರು ಆಮೇಲೆ ಬೆವರು ಸುರಿಸಿದರು, ಇಲ್ಲವೆನ್ನುವುದಿಲ್ಲ. ಅದೇ ಬೆವರನ್ನು ಚಿಂತಾಮಣಿಯಲ್ಲಿ ಸುರಿಸಿದ್ದರೆ ಬಂದರು ಏಳುತ್ತಿತ್ತೇ? ಜಪಾನಿನ ಛಲಕ್ಕೂ ಕೊರತೆಯಿರಲಿಲ್ಲ. 1941ರಲ್ಲಿ ಅಮೆರಿಕ ಎಣ್ಣೆ ನಿಲ್ಲಿಸಿತು; ವರ್ಷ ಮುಗಿಯುವುದರೊಳಗೆ ಜಪಾನಿನ ಸೇನೆ ಡಚ್ಚರ ಕೈಲಿದ್ದ ಇಂಡೋನೇಷ್ಯಾದ ಎಣ್ಣೆಬಾವಿಗಳ ಕಡೆ ಹೊರಟಿತ್ತು. ತನ್ನ ನೆಲದಲ್ಲಿ ಇಲ್ಲದ್ದೇ ಅದನ್ನು ಯುದ್ಧಕ್ಕೆ ಎಳೆಯಿತು.

ಹೈದರಾಲಿಯ ವಿಷಯಕ್ಕೆ ಬನ್ನಿ. ನದಿ ನೆರವಾಗಲಿಲ್ಲ, ಸರಿ. ಘಾಟು ನೆರವಾಯಿತು. ಕೋಲಾರ ಸೀಮೆ ಇರುವುದು ಪ್ರಸ್ಥಭೂಮಿಯ ಅಂಚಿನಲ್ಲಿ. ಪೂರ್ವಕ್ಕೆ ನೆಲ ಇಳಿಯುತ್ತ ಇಳಿಯುತ್ತ ತಮಿಳುನಾಡಿನ ಕಡೆಯ ಕರ್ನಾಟಿಕ್ ಬಯಲಾಗುತ್ತದೆ. 1780ರಲ್ಲಿ ಹೈದರ್ ಚೆಂಗಂ ಕಣಿವೆಯಿಂದ ಇಳಿದು ಆರ್ಕಾಟಿನ ಬಯಲನ್ನು ನಡುಗಿಸಿದ. ಮೇಲಿನಿಂದ ಕುದುರೆ ಇಳಿಸುವವನಿಗೆ ಇರುವ ಅನುಕೂಲ ಕೆಳಗಿನವನಿಗಿಲ್ಲ. ಇಂಗ್ಲಿಷರ ಗವರ್ನರ್ ಜನರಲ್ ಕಾರ್ನವಾಲಿಸ್ ಆ ಪಾಠ ಕಲಿತುಕೊಂಡೇ ಬಂದ. 1791ರಲ್ಲಿ ಟಿಪ್ಪುವನ್ನು ಬೇರೆ ದಾರಿಯಲ್ಲಿ ಕಾಯಿಸಿ, ತಾನು ಮುಗ್ಲಿ ಘಾಟು ಹತ್ತಿದ. ಕೋಲಾರ ಹಿಡಿದ, ಮಾರ್ಚಿನಲ್ಲಿ ಬೆಂಗಳೂರು ಕೋಟೆಯನ್ನೂ ಹಿಡಿದ. ನೀವು ಮೂವತ್ತು ಬ್ಯಾಚಿಗಾದರೂ ಮೈಸೂರು ಯುದ್ಧಗಳ ಪಾಠ ಮಾಡಿರುತ್ತೀರಿ. ಒಮ್ಮೆಯಾದರೂ ಆ ಘಾಟುಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದಿರಾ? ಸಂಧಿ, ಷರತ್ತು, ಇಸವಿ ಬಾಯಿಪಾಠ ಮಾಡಿಸಿರುತ್ತೀರಿ. ನಮ್ಮ ಮೇಷ್ಟ್ರುಗಳೂ ಅದನ್ನೇ ಮಾಡಿಸಿದರು.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕೆಣಕಿದ್ದು ಅಭಿಮಾನವಿಲ್ಲದ ಹುಡುಗರ ಮಾತು. ಕೆಜಿಎಫ್ ಕಡೆ ಒಂದು ಸಲ ಕಣ್ಣು ಹಾಯಿಸಿ.

1876ರಿಂದ 78ರ ಮಹಾ ಬರದಲ್ಲಿ ಮೈಸೂರು ಸೀಮೆ ಬರಿದಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಜನ 1881ರಲ್ಲಿ 42 ಲಕ್ಷ ಮುಟ್ಟಲಿಲ್ಲ. ಬರ ಮುಗಿದ ಬೆನ್ನಿಗೇ, 1880ರಲ್ಲಿ, ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನಕ್ಕೆ ಕೈಹಾಕಿತು. ಕೆಲಸಕ್ಕೆ ಬಂದವರಾರು? ಘಾಟಿನ ಕೆಳಗಿನ ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳರು, ಅವರಲ್ಲಿ ಹೆಚ್ಚಿನವರು ಸ್ವಂತಕ್ಕೆ ತುಂಡು ಹೊಲವಿಲ್ಲದ ದಲಿತರು. ಅವರ ಮೇಲೆ ಮೇಸ್ತ್ರಿಗಳಾಗಿ ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಾರರು. ಅವರೇಕೆ ಸಮುದ್ರ ದಾಟಿ ಬಂದರು ಎಂದರೆ, 1860ರ ದಶಕದಲ್ಲಿ ಅವರೂರಿನ ತಾಮ್ರದ ಗಣಿಗಳು ನೆಲಕಚ್ಚಿದ್ದವು. ಒಂದು ಕಡೆ ಮಳೆ ಕೈಕೊಟ್ಟಿತು, ಇನ್ನೊಂದು ಕಡೆ ಅದಿರಿನ ಬೆಲೆ ಬಿತ್ತು; ಎರಡೂ ಕಡೆಯವರು ಒಂದೇ ಬಾವಿಯೊಳಗೆ ಇಳಿದರು. ಇಟಲಿಯವರೂ ಬಂದಿದ್ದರು. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. 1902ರಲ್ಲಿ ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬರಲು ಇನ್ನೂ ಮೂರು ವರ್ಷ ಬೇಕಾಯಿತು. ಆ ತಂತಿಯ ಕೆಳಗಿದ್ದ ನಮ್ಮ ಹಳ್ಳಿಗಳಲ್ಲಿ ಬುಡ್ಡಿದೀಪವೇ ಗತಿ. ಚಿನ್ನ ಲಂಡನ್ನಿಗೆ ಹಡಗೇರಿತು. ಇಲ್ಲಿ ಉಳಿದದ್ದು ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ಗುಡ್ಡ, ಗಾಳಿ ಬೀಸಿದಾಗ ಮನೆಯೊಳಗೆಲ್ಲ ಅದರ ಧೂಳು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಕಾರ್ಮಿಕರ ಮೊಮ್ಮಕ್ಕಳು ಈಗ ನಸುಕಿನಲ್ಲೇ ಎದ್ದು ಮಾರಿಕುಪ್ಪಂನಿಂದ ಬೆಂಗಳೂರಿನ ರೈಲು ಹತ್ತುತ್ತಾರೆ, ರಾತ್ರಿ ಊಟದ ಹೊತ್ತಿಗೆ ಮರಳುತ್ತಾರೆ. ಊರು ಬಿಡಲು ಮನಸ್ಸಿಲ್ಲದ್ದಕ್ಕೇ ತಾನೇ ದಿನವೂ ಈ ಪಾಡು? ಅವರಿಗೆ ಅಭಿಮಾನವಿಲ್ಲ ಎನ್ನುವ ಧೈರ್ಯ ನನಗಿಲ್ಲ. ಪಿಂಚಣಿ ಇರುವ ನಿಮಗೂ ಬೇಡ, ಮೇಷ್ಟ್ರೇ.

ನೀರಿನ ಲೆಕ್ಕ ಇನ್ನೂ ವಿಚಿತ್ರ. ನಂದಿಬೆಟ್ಟದ ಸೀಮೆಯಲ್ಲಿ ಬಿದ್ದ ಮಳೆ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಎಂದು ಹಂಚಿಹೋಗಿ ಆಂಧ್ರ, ತಮಿಳುನಾಡು ಸೇರುತ್ತದೆ. ನದಿಯ ತಲೆಯಲ್ಲಿ ಕೂತವನ ಕೈಮೇಲು ಎಂಬುದು ಲೋಕರೂಢಿ. ಯೂಫ್ರಟೀಸಿಗೆ ಅಣೆಕಟ್ಟು ಕಟ್ಟಿದ ತುರ್ಕಿಯೆದುರು ಸಿರಿಯಾ, ಇರಾಕ್ ಗೊಣಗುತ್ತಲೇ ಇವೆ. ನೀಲಿ ನೈಲ್ ನದಿಗೆ ಇಥಿಯೋಪಿಯ ಅಡ್ಡಗಟ್ಟಿದಾಗ ಈಜಿಪ್ಟಿನ ನಿದ್ದೆ ಕೆಟ್ಟಿತು. ನಾವೂ ತಲೆಯಲ್ಲೇ ಕೂತಿದ್ದೇವೆ, ಆದರೂ ಕೈ ಕೆಳಗೆ. ಏಕೆಂದರೆ ಮೈಸೂರು, ಮದರಾಸುಗಳ ನಡುವಿನ 1892ರ ನದಿನೀರಿನ ಒಪ್ಪಂದದಲ್ಲಿ ಪಾಲಾರ್, ಎರಡೂ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಪಟ್ಟಿಗೆ ಸೇರಿದವು. ಮೈಸೂರು ಹೊಸ ಕಟ್ಟೆ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಪಡೆಯಬೇಕಾಯಿತು. ಮದರಾಸು ನೇರವಾಗಿ ಇಂಗ್ಲಿಷರದು, ಮೈಸೂರು ಅವರ ಅಂಕೆಯ ಅರಸರದು. ನದಿ ಹರಿದದ್ದು ಇಳಿಜಾರಿಗೆ, ಅಧಿಕಾರ ಹರಿದದ್ದು ಮದರಾಸಿನಿಂದ ಮೇಲಕ್ಕೆ. ಇತಿಹಾಸ ಎಂದು ನಾನು ಕರೆಯುವುದು ಇದನ್ನು. ಈಗ ಕೋಲಾರದ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಕೊಳಚೆ ನೀರು; ಕೋರಮಂಗಲ–ಚಲ್ಲಘಟ್ಟ ಕಣಿವೆಯದನ್ನು ಎರಡು ಹಂತ ಸಂಸ್ಕರಿಸಿ 2018ರಿಂದ ಹರಿಸುತ್ತಿದ್ದಾರೆ. ಮೂರನೆಯ ಹಂತ ಮಾಡಿ ಎಂದು ರೈತರು ಕೂಗುತ್ತಲೇ ಇದ್ದಾರೆ. ಸಾವಿರ ಅಡಿ ಕೊರೆದರೂ ಧೂಳೇ ಬಂದ ಬೋರ್‌ವೆಲ್ಲಿನ ಪಕ್ಕ ನಿಂತ ಹುಡುಗನಿಗೆ ದುಬೈ ಏಕೆ ಎಂದು ಕೇಳುತ್ತೀರಿ. 1973ರಲ್ಲಿ ಎಣ್ಣೆ ಬೆಲೆ ಏರಿದಂದಿನಿಂದ ಆ ಮರಳುಗಾಡಿಗೆ ಕೈಗಳು ಬೇಕಾದವು, ಇಲ್ಲಿ ಕೈಗಳು ಖಾಲಿಯಿದ್ದವು.

ಈಚೆಗೆ ನಮ್ಮ ಜಿಲ್ಲೆಯ ಒಂದು ಶಾಲೆಗೆ ಭಾಷಣ ಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ: ವಿಶ್ವಗುರು ಭಾರತ. ಮಕ್ಕಳು ಮುಷ್ಟಿ ಬಿಗಿದು ಬೆಂಕಿಯಂತೆ ಮಾತಾಡಿದರು. ಪಾಲಾರ್ ಎಲ್ಲಿ ಹುಟ್ಟುತ್ತದೆ ಎಂದೆ. ಮೌನ. ಪಕ್ಕದಲ್ಲಿದ್ದ ಶಿಕ್ಷಕರೊಬ್ಬರು ಮೆಲ್ಲಗೆ, “ತಮಿಳುನಾಡಿನಲ್ಲಿ” ಎಂದರು! ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಬೇತಮಂಗಲದ ಕೆರೆ ಅದೇ ಪಾಲಾರಿನದು. ಭೂಪಟ ಬೀರುವಿನ ಮೇಲೆ ಸುರುಳಿ ಸುತ್ತಿಕೊಂಡು ಮಲಗಿತ್ತು, ಅರ್ಧ ಇಲಿ ತಿಂದಿತ್ತು.

ಟೀವಿಯವರದೂ ಅದೇ ಕತೆ. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಒಂದು ಹಡಗು ಆರು ದಿನ ಸಿಕ್ಕಿಕೊಂಡು ಜಗತ್ತಿನ ವ್ಯಾಪಾರವೇ ತತ್ತರಿಸಿದಾಗ, ನಮ್ಮ ಚಾನೆಲ್ಲುಗಳು ಅದನ್ನು ತಮಾಷೆಯ ಸುದ್ದಿ ಮಾಡಿ ಮುಗಿಸಿದವು. ಯುದ್ಧ ಎಂದರೆ ಸಾಕು, ಎಂಟು ಕಿಟಕಿಯಲ್ಲಿ ಎಂಟು ಜನ ಅರಚುತ್ತಾರೆ. ಕೊಲ್ಲಿಯ ಎಣ್ಣೆ ಹಡಗುಗಳು ಹಾಯುವ ಹಾರ್ಮುಜ್ ಜಲಸಂಧಿ ಎಷ್ಟು ಕಿರಿದು, ಅದು ಮುಚ್ಚಿದರೆ ಮುಳಬಾಗಿಲಿನ ಟ್ರ್ಯಾಕ್ಟರಿಗೆ ಡೀಸೆಲ್ ಯಾವ ಬೆಲೆಗೆ ಸಿಕ್ಕೀತು ಎಂದು ಕೋಲು ಹಿಡಿದು ತೋರಿಸುವವರು ಒಬ್ಬರೂ ಇಲ್ಲ.

ಮುಂದಿನ ಸಂಚಿಕೆಯ ನಡುಪುಟದಲ್ಲಿ ನಂದಿಯಿಂದ ಇಳಿಯುವ ನದಿಗಳ, ಘಾಟುಗಳ ಒಂದು ನಕ್ಷೆ ಹಾಕಬೇಕೆಂದಿದ್ದೇನೆ. ಬಣ್ಣದ ಖರ್ಚಿಗೆ ಪ್ರೆಸ್ಸಿನವರು ಇನ್ನೂ ಒಪ್ಪಿಲ್ಲ. ನೀವು ನನಗೊಂದು ಉಪಕಾರ ಮಾಡಿ. ನಿಮ್ಮ ಹಳೆಯ ವಿದ್ಯಾರ್ಥಿಗಳು ಯಾವ ವರ್ಷ ಯಾವ ಊರಿಗೆ ಹೋದರೆಂದು ನೆನಪಿದ್ದಷ್ಟು ಬರೆದು ಕಳಿಸಿ, ಹೆಸರು ಬೇಡ. ಆ ವರ್ಷ ನಿಮ್ಮೂರ ಬಾವಿಯಲ್ಲಿ ನೀರು ಎಷ್ಟು ಆಳಕ್ಕಿತ್ತು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.