ಗೊಬ್ಬರ ಆಮೇಲೆ, ಮೊದಲು ಮಣ್ಣು ನೋಡಿ

ಪ್ರಶ್ನೆ: ಎರಡು ವರ್ಷದ ಹಿಂದೆ ನಿಂಬೆ ಗಿಡ ನೆಟ್ಟೆ. ನಮ್ಮದು ಅಂಟು ಮಣ್ಣು, ಅದಕ್ಕೆ ಗುಂಡಿಗೆ ಬರೀ ಗೊಬ್ಬರವನ್ನೇ ತುಂಬಿದ್ದೆ. ಆದರೂ ಗಿಡ ಏಳುತ್ತಿಲ್ಲ, ಎಲೆ ಹಳದಿಯಾಗಿ ಉದುರುತ್ತಿದೆ. ಇನ್ನೇನು ಗೊಬ್ಬರ ಕೊಡಲಿ?

ಉತ್ತರ: ಸದ್ಯಕ್ಕೆ ಏನೂ ಕೊಡಬೇಡಿ. ನನಗನ್ನಿಸುವುದು, ನಿಮ್ಮ ಗಿಡಕ್ಕೆ ಉಸಿರು ಕಟ್ಟಿದೆ. ಬೇರಿಗೂ ಗಾಳಿ ಬೇಕು. ಒಳ್ಳೆ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಬರೀ ಸಂದುಗಳೇ ಇರುತ್ತವೆ, ಅದರಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ. ಅಂಟು ಮಣ್ಣಿನಲ್ಲಿ ಗುಂಡಿ ತೋಡಿ ಹಗುರವಾದ ಗೊಬ್ಬರ ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ, ಗುಂಡಿಯ ಗೋಡೆ ಅದನ್ನು ಆಚೆ ಬಿಡುವುದಿಲ್ಲ, ಗೊಬ್ಬರ ಕರಗುತ್ತಾ ಹೋದ ಹಾಗೆ ಗಿಡವೂ ಕೆಳಗೆ ಕುಸಿಯುತ್ತದೆ.

ಬುಡದಿಂದ ಒಂದು ಗೇಣು ದೂರದಲ್ಲಿ ಮೆಲ್ಲಗೆ ಕೆದಕಿ ಒಂದು ಸಣ್ಣ ಬೇರನ್ನು ಬೆರಳಲ್ಲಿ ಹಿಡಿದು ಎಳೆಯಿರಿ. ಚೆನ್ನಾಗಿರುವ ಎಳೆ ಬೇರು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದಾದರೆ ಕಂದು ಸಿಪ್ಪೆ ಕೈಗೇ ಕಳಚಿಕೊಂಡು ಬಂದು, ನಡುವೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಹಾಗೇ ಮಣ್ಣನ್ನೂ ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಗಾಳಿಯೇ ಆಡುತ್ತಿಲ್ಲ.

ಆಮೇಲೆ ಪಕ್ಕದಲ್ಲಿ 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಅಳೆಯಿರಿ. 2.5 ಸೆಂ.ಮೀ.ಗಿಂತ ಜಾಸ್ತಿ ಇಳಿದರೆ ಪರವಾಗಿಲ್ಲ. ಮಾರನೇ ದಿನವೂ ನೀರು ನಿಂತೇ ಇದ್ದರೆ ಅಲ್ಲಿನ ಮಣ್ಣನ್ನೇ ಎಳೆದು ಒಂದಡಿ ಎತ್ತರದ, ಮೂರ್ನಾಲ್ಕು ಅಡಿ ಅಗಲದ ದಿಬ್ಬ ಮಾಡಿ, ಬಿಸಿಲು ಕಮ್ಮಿ ಇರುವ ದಿನ ಗಿಡವನ್ನು ಬೇರಿನ ಮಣ್ಣಿನ ಸಮೇತ ಎತ್ತಿ ಅದರ ಮೇಲೆ ನೆಡಿ. ಗೊಬ್ಬರವನ್ನು ಮೇಲೆ ಹರಡಿದರೆ ಸಾಕು. ಎರೆಹುಳುಗಳು ತಾವೇ ಕೆಳಗೆ ಒಯ್ಯುತ್ತವೆ.

ಮರಳು ಬೆರೆಸಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ದಯವಿಟ್ಟು ಬೇಡ. ಸ್ವಲ್ಪ ಮರಳು ಹಾಕಿದರೆ ಅದರ ಸಂದಿಗೆಲ್ಲ ಜೇಡಿ ತುಂಬಿಕೊಂಡು ಮಣ್ಣು ಇನ್ನೂ ಗಟ್ಟಿಯಾಗುತ್ತದೆ. ಉಪಯೋಗ ಆಗಬೇಕಾದರೆ ಅರ್ಧಕ್ಕಿಂತ ಜಾಸ್ತಿ ಮರಳೇ ಬೇಕು, ಅಷ್ಟೆಲ್ಲ ಯಾರು ಹಾಕುತ್ತಾರೆ, ಅಲ್ವಾ?

ಪ್ರಶ್ನೆ: ನಮ್ಮ ಮಣ್ಣು ಯಾವ ತರದ್ದು ಅಂತ ಮನೆಯಲ್ಲೇ ತಿಳಿಯಬಹುದೇ?

ಉತ್ತರ: ಖಂಡಿತ. ಮೇಲಿನ ಕಸ ಸರಿಸಿ, ಒಂದು ಗೇಣು ಆಳದ ಮಣ್ಣು ತೆಗೆದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ. ಉಳಿದದ್ದು ನೀರು. ಚಿಟಿಕೆ ಸೋಪಿನ ಪುಡಿ ಹಾಕಿ ಐದು ನಿಮಿಷ ಜೋರಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು. ಕೆಲವು ಗಂಟೆಯಲ್ಲಿ ಅದರ ಮೇಲೆ ಕೂರುವುದು ನುಣುಪಾದ ಗೋಡು. ಜೇಡಿ ಮಾತ್ರ ನಿಧಾನ, ನೀರು ತಿಳಿಯಾಗಲು ಒಂದೆರಡು ದಿನ ಬೇಕು. ಜೇಡಿಯ ಪದರವೇ ಅರ್ಧದಷ್ಟಿದ್ದರೆ ನೀರು ಕೊಡುವ ನಡುವೆ ಬಿಡುವು ಕೊಡಿ, ಮಣ್ಣು ಹಸಿ ಇರುವಾಗ ಅಗೆಯಬೇಡಿ, ತುಳಿಯಲೂಬೇಡಿ. ಮರಳೇ ಜಾಸ್ತಿಯಾದರೆ ನೀರನ್ನೂ ಗೊಬ್ಬರವನ್ನೂ ಸ್ವಲ್ಪ ಸ್ವಲ್ಪವೇ ಆಗಾಗ ಕೊಡಿ. ಚೆನ್ನಾಗಿ ಕಳಿತ ಗೊಬ್ಬರ ಎರಡಕ್ಕೂ ಬೇಕು, ಅದೂ ವರ್ಷ ವರ್ಷ.

ಪ್ರಶ್ನೆ: ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಗೊಬ್ಬರ ಹಾಕಿದರೂ ಸರಿಹೋಗಿಲ್ಲ.

ಉತ್ತರ: ಕಬ್ಬಿಣ ಅಂತ ನೀವು ಊಹಿಸಿದ್ದು ಸರಿ. ಹಳೆ ಎಲೆಯಿಂದ ಶುರುವಾಗಿದ್ದರೆ ಸಾರಜನಕವನ್ನೋ ಮೆಗ್ನೀಸಿಯಂ ಅನ್ನೋ ಅನುಮಾನಿಸಬೇಕಿತ್ತು. ಆದರೆ ಮಣ್ಣಿನಲ್ಲಿ ಕಬ್ಬಿಣ ಸಾಮಾನ್ಯವಾಗಿ ಬೇಕಾದಷ್ಟಿರುತ್ತದೆ. ರಸಸಾರ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಹೇಳುವ ಪಿಎಚ್ ಅಳತೆ) 7.5 ದಾಟಿದರೆ ಅದು ಬೇರಿಗೆ ಸಿಗದ ಹಾಗೆ ಕಟ್ಟಿಹೋಗುತ್ತದೆ, ನೀವು ಹಾಕಿದ್ದೂ ಹಾಗೇ ಆಗಿರಬೇಕು. ಹೆಚ್ಚಿನ ತರಕಾರಿ, ಹಣ್ಣಿನ ಗಿಡಗಳಿಗೆ 6ರಿಂದ 7 ಹಿತ.

ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ನೊರೆ ಉಕ್ಕಿದರೆ ಅದರಲ್ಲಿ ಸುಣ್ಣ ಇದೆ. ಅಂಥ ಮಣ್ಣಿಗೆ ಗಂಧಕ ಹಾಕಿ ರಸಸಾರ ಇಳಿಸುವುದು ಬಹಳ ಕಷ್ಟ, ಇಡಿಡಿಎಚ್‌ಎ ಚೀಲೇಟ್ ರೂಪದ ಕಬ್ಬಿಣ (ಇಂಥ ಮಣ್ಣಿನಲ್ಲೂ ಕಟ್ಟಿಹೋಗದೆ ಬೇರಿಗೆ ಸಿಗುವಂಥದ್ದು) ಕೊಡುವುದೇ ದಾರಿ. ನೊರೆ ಬರದಿದ್ದರೆ ಗಂಧಕ ಕೆಲಸ ಮಾಡುತ್ತದೆ, ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿ ಬದಲಾಯಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಎಷ್ಟು ಹಾಕಬೇಕು ಅಂತ ಊಹೆ ಮಾಡಬೇಡಿ. ಎಂಟ್ಹತ್ತು ಕಡೆ 15-20 ಸೆಂ.ಮೀ. ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ಅಲ್ಲಿಯವರೆಗೆ ಆ ಗಿಡಕ್ಕೆ ಒಲೆಯ ಬೂದಿ ಬೇಡವೇ ಬೇಡ, ಅದು ರಸಸಾರವನ್ನು ಇನ್ನೂ ಏರಿಸುತ್ತದೆ.

ಪ್ರಶ್ನೆ: ಮರದ ಹೊಟ್ಟು ಸುಮ್ನೆ ಬಿದ್ದಿದೆ, ಮಣ್ಣಿಗೆ ಬೆರೆಸಬಹುದಾ?

ಉತ್ತರ: ಬೆರೆಸಬೇಡಿ, ಮೇಲೆ ಹೊದಿಸಿ. ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ಎಳೆದುಕೊಂಡು ಗಿಡ ಬಿಳಚಿಕೊಳ್ಳುತ್ತದೆ. ಮೇಲೆ ನಾಲ್ಕೈದು ಸೆಂ.ಮೀ. ದಪ್ಪ ಸಾಕು, ಕಾಂಡಕ್ಕೆ ತಾಗದಿರಲಿ. ಮರ ದೊಡ್ಡದಾಗಿದ್ದರೆ ಕೊಂಬೆಗಳ ತುದಿಯ ನೇರಕ್ಕೆ ಬರುವವರೆಗೂ ಹರಡಿ, ನೀರು ಹೀರುವ ಸಣ್ಣ ಬೇರು ಅಲ್ಲಿಯವರೆಗೂ, ಅದರಾಚೆಗೂ ಚಾಚಿರುತ್ತವೆ.