ಬೆವರುವ ಫ್ರಿಜ್‌ಗೆ ಗ್ಯಾಸ್ ಮದ್ದಲ್ಲ

ಪ್ರಶ್ನೆ: ತಾತ 1960ರ ದಶಕದಲ್ಲಿ ಕೊಂಡ ಫ್ರಿಜ್ ಸರಸ್ವತಿಪುರಂನ ಮನೆಯಲ್ಲಿದೆ. ಮಳೆಗಾಲದಲ್ಲಿ ಹೊರಮೈ ಬೆವರುತ್ತದೆ, ಕಂಪ್ರೆಸರ್ ನಿಲ್ಲುವುದೇ ಇಲ್ಲ. ರಿಪೇರಿಯವರು ಎರಡು ಸಲ ಗ್ಯಾಸ್ ತುಂಬಿದರು. ಫ್ರಿಜ್‌ನ ಗೋಡೆಗೆ ತೂತು ಕೊರೆದು ಡಬ್ಬಿಯ ಫೋಮ್ ಹೊಡೆಯಲೇ?

ಉತ್ತರ: ಡ್ರಿಲ್ ಕೆಳಗಿಡಿ. ಗೋಡೆಯೊಳಗೆ ಕೊಳವೆಯೂ ವೈರೂ ಎಲ್ಲಿ ಹಾದಿವೆಯೋ ನಿಮಗೆ ಗೊತ್ತಿಲ್ಲ. ಇನ್ನು ಗ್ಯಾಸ್ ವಿಷಯ. ಅದೇನು ಸ್ಕೂಟರಿನ ಪೆಟ್ರೋಲೇ, ಓಡಿದಂತೆ ಖಾಲಿಯಾಗಲು? ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಸೋರಿಕೆ ಇದೆ. ಅದನ್ನು ಹುಡುಕದೆ ಎರಡು ಸಲ ತುಂಬಿದವರು ರಿಪೇರಿ ಮಾಡಿಲ್ಲ, ಬಿಲ್ ಮಾಡಿದ್ದಾರೆ.

ಎಲ್ಲಿ ಬೆವರುತ್ತದೆ, ಮೊದಲು ಅದನ್ನು ನೋಡಿ. ಬಾಗಿಲಿನ ಅಂಚಿನಲ್ಲಿ ಮಾತ್ರವಾದರೆ ರಬ್ಬರ್ ಹೋಗಿದೆ. ಪಕ್ಕದ ತಗಡಿನ ನಡುವೆ, ತಳದಲ್ಲಿ ಬೆವರಿದರೆ ಗೋಡೆಯೊಳಗೆ ತುಂಬಿದ ಗ್ಲಾಸ್ ವುಲ್, ಅಂದರೆ ಗಾಜಿನ ಎಳೆಗಳ ಹತ್ತಿ, ನೀರು ಕುಡಿದಿದೆ ಅಥವಾ ಕುಸಿದಿದೆ. ವುಲ್‌ನಲ್ಲಿ ಶಾಖ ತಡೆಯುವುದು ಎಳೆಗಳ ನಡುವೆ ಸಿಕ್ಕ ಗಾಳಿ. ಆ ಜಾಗಕ್ಕೆ ನೀರು ಬಂದರೆ ಒದ್ದೆ ಕಂಬಳಿ ಹೊದ್ದ ಹಾಗೆ.

ನೀರು ಒಳಗಿನಿಂದ ಬಂತೆಂದು ಎಲ್ಲರೂ ತಿಳಿಯುತ್ತಾರೆ. ಅಲ್ಲ, ಹೊರಗಿನ ಗಾಳಿಯ ತೇವ ತಂಪಿನ ಕಡೆಗೆ ನುಗ್ಗಿ ಅಲ್ಲಿ ನೀರಾಗುತ್ತದೆ. ಹಾಗಾಗಿ ಮುಚ್ಚಬೇಕಾದ್ದು ಹೊರ ತಗಡಿನ ಸಂದುಗಳನ್ನು. ಸಾಮಾನು ಇಡುವ ಒಳತೊಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತುವ ಜಾಣರಿದ್ದಾರೆ, ಅವರು ನೀರನ್ನು ಗೋಡೆಯೊಳಗೇ ಕೂಡಿಹಾಕುತ್ತಾರೆ.

ಕರೆಂಟ್ ತೆಗೆದು ಶುರು ಮಾಡಿ. ಒಳತೊಟ್ಟಿಗೂ ಹೊರ ತಗಡಿಗೂ ನಡುವಿನ ಪ್ಲಾಸ್ಟಿಕ್ ಪಟ್ಟಿ ಇಷ್ಟು ವರ್ಷಕ್ಕೆ ಹಪ್ಪಳವಾಗಿರುತ್ತದೆ. ಬಿಸಿನೀರಿನ ಬಟ್ಟೆ ಒತ್ತಿ ಮೆತ್ತಗಾದ ಮೇಲೆ ಎಬ್ಬಿಸಿ. ತೊಟ್ಟಿಯನ್ನು ಎಳೆಯುವಾಗ ತೆಳು ಕೊಳವೆ ಮಡಚಿದರೆ ಫ್ರಿಜ್ ಮುಗಿಯಿತು, ಅದಕ್ಕೇ ಈ ಹಂತಕ್ಕೆ ಕೆಲಸ ಬಲ್ಲವರನ್ನು ಕರೆಯಿರಿ ಎನ್ನುತ್ತೇನೆ. ಹಳೆಯ ವುಲ್ ಬಿಸಾಡಿ. ಮಾಸ್ಕ್, ತುಂಬುತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ, ಮೈಯೆಲ್ಲ ಕೆರೆತ. ಪೆಟ್ಟಿಗೆ ಪೂರ್ತಿ ಒಣಗಲಿ. ನಮ್ಮಲ್ಲಿ ಮಾರ್ಚ್ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು, ಆಷಾಢದಲ್ಲಿ ಕೈಹಾಕಬೇಡಿ. ತುಕ್ಕು ಉಜ್ಜಿ, ಬಣ್ಣ ಹೊಡೆದು, ಹೊರ ತಗಡಿನ ಸಂದುಗಳಿಗೆ ಒಳಗಡೆಯಿಂದ ಸೀಲೆಂಟ್ ಹಾಕಿ, ಹೊಸ ಗ್ಲಾಸ್ ವುಲ್ ಅನ್ನು ಮೂಲೆಯಲ್ಲೂ ಸಂದು ಬಿಡದೆ ಕೂರಿಸಿ.

ಪಫ್, ಅಂದರೆ ಪಾಲಿಯುರೆಥೇನ್ ಫೋಮ್, ಏಕೆ ಬೇಡ? ಅಷ್ಟೇ ದಪ್ಪದಲ್ಲಿ ಅದು ವುಲ್‌ಗಿಂತ ಚೆನ್ನಾಗಿ ಶಾಖ ತಡೆಯುತ್ತದೆ, ಒಪ್ಪುತ್ತೇನೆ. ಆದರೆ ಕಾರ್ಖಾನೆಯಲ್ಲಿ ಪೆಟ್ಟಿಗೆಯನ್ನು ಅಚ್ಚಿನಲ್ಲಿ ಬಿಗಿಹಿಡಿದು ತುಂಬುತ್ತಾರೆ. ಡಬ್ಬಿಯ ಫೋಮ್ ಗಟ್ಟಿಯಾಗಲು ಗಾಳಿಯ ತೇವ ಬೇಕು, ಮುಚ್ಚಿದ ಗೋಡೆಯ ಆಳದಲ್ಲಿ ಹಸಿಯಾಗಿಯೇ ಉಳಿದು ನಿಧಾನಕ್ಕೆ ಉಬ್ಬುತ್ತದೆ. ಒಮ್ಮೆ ನಾನೇ ಆತುರಕ್ಕೆ ಬಿದ್ದು ಹೊಡೆದಿದ್ದೆ. ಮಾರನೆಯ ದಿನ ಒಳತೊಟ್ಟಿ ಗರ್ಭಿಣಿಯ ಹಾಗೆ ಉಬ್ಬಿ ತರಕಾರಿ ಡಬ್ಬ ಒಳಗೆ ಹೋಗಲಿಲ್ಲ. ಗಿರಾಕಿಗೆ ಹಣ ವಾಪಸ್ ಕೊಟ್ಟೆ. ಫೋಮ್‌ನಲ್ಲಿ ಹುದುಗಿದ ಕೊಳವೆ ಮುಂದೆ ಸೋರಿದರೆ ಉಳಿಯಿಂದ ಕೆತ್ತಬೇಕು.

ಪ್ರಶ್ನೆ: ಹೊಸ ಡೋರ್ ರಬ್ಬರ್ ಹಾಕಿದರೂ ಮೂಲೆಯಲ್ಲಿ ಸಂದು. ಅಂಟು ಹಾಕಲೇ?

ಉತ್ತರ: ಅಂಟು ಬೇಡ. ಮಡಚಿ ಬಂದ ರಬ್ಬರನ್ನು ಬಿಸಿನೀರಿನಲ್ಲಿ ನೆನೆಸಿದರೆ ಸುಕ್ಕು ಹೋಗುತ್ತದೆ. ಬಾಗಿಲಿನ ಒಳಪಟ್ಟಿಯ ಸ್ಕ್ರೂಗಳನ್ನು ಸಡಿಲಿಸಿ, ಬಾಗಿಲನ್ನು ತುಸು ತಿರುಚಿ ಸರಿಯಾಗಿ ಕೂರಿಸಿ, ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ರಾತ್ರಿ ದೀಪ ಆರಿಸಿ ಒಳಗೊಂದು ಟಾರ್ಚ್ ಉರಿಸಿಟ್ಟು ನೋಡಿ, ಬೆಳಕು ಹೊರಬಂದ ಕಡೆ ಗಾಳಿಯೂ ಬರುತ್ತದೆ.

ಪ್ರಶ್ನೆ: ಫ್ರೀಜರ್‌ನ ಐಸ್ ಬೇಗ ಬಿಡಿಸಲು ಚಾಕು ಬಳಸಬಹುದೇ?

ಉತ್ತರ: ಹೊಸ ಫ್ರಿಜ್ ಕೊಳ್ಳುವ ಮನಸ್ಸಿದ್ದರೆ.

ಪ್ರಶ್ನೆ: ಮಂಡ್ಯದ ನಮ್ಮ ಮನೆಯ ಹಳೆಯ ಫ್ರಿಜ್‌ಗೆ ಚಿಲಕದ ಹಿಡಿ ಇದೆ. ಹಿತ್ತಲಿನಲ್ಲಿ ಇಡಬಹುದೇ?

ಉತ್ತರ: ಅಂಥ ಫ್ರಿಜ್‌ನೊಳಗೆ ಆಡಲು ಹೊಕ್ಕ ಮಗು ಒಳಗಿನಿಂದ ಬಾಗಿಲು ತೆರೆಯಲಾರದು. ಅಮೆರಿಕದಲ್ಲಿ ಮಕ್ಕಳು ಸತ್ತ ಮೇಲೆಯೇ 1956ರಲ್ಲಿ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂಬ ಕಾನೂನು ಬಂತು. ಬಾಗಿಲನ್ನು ಇವತ್ತೇ ಕಳಚಿ ಬೇರೆ ಕಡೆ ಇಡಿ, ಫ್ರಿಜ್ ಎಲ್ಲಿಡಬೇಕೆಂದು ಆಮೇಲೆ ಯೋಚಿಸಿ.